ಪಾರ್ಟ್ ಒನ್, ಪಾರ್ಟ್ ಟೂ, ನಡುವಿನ ಕಾಲ

ನಿನ್ನ ಮೆಸೇಜ್ ನಿನ್ನೆ ರಾತ್ರಿ ನೋಡಿದೆ. ಗಂಡನ ಜೊತೆ ಡಿಪೆಂಡೆಂಟ್ ವೀಸಾದಲ್ಲಿ ಲೆಸ್ಟರ್‌ಗೆ ಬಂದಿದ್ದೀಯ, ಬಿಡಿಎಸ್ ಮುಗಿಸಿ ಸ್ವಲ್ಪ ಕಾಲ ಪ್ರಾಕ್ಟೀಸೂ ಮಾಡಿದ್ದೀಯ, ಈಗ ಹೊರದೇಶದಲ್ಲಿ ಓದಿದ ಡೆಂಟಿಸ್ಟ್‌ಗಳಿಗೆ ಇಲ್ಲಿರೋ ಓಆರ್‌ಇ ಪರೀಕ್ಷೆಯ ಪಾರ್ಟ್ ಒನ್, ಪಾರ್ಟ್ ಟೂ ಎರಡನ್ನೂ ಬರೆದು ಬ್ರಿಟನ್ನಿನಲ್ಲಿ ಡೆಂಟಿಸ್ಟ್ ಆಗಬೇಕು. ಎಷ್ಟು ತಿಂಗಳು ಓದಬೇಕು, ಕೋಚಿಂಗ್ ಬೇಕಾ, ಪಾಸಾಗೋವರೆಗೆ ಡೆಂಟಲ್ ನರ್ಸ್ ಕೆಲಸಕ್ಕೆ ಹೋದರೆ ಅವಮಾನವಾ, ಕೊನೆಗೆ "ಅಕ್ಕ, ಒಟ್ಟಾರೆ ಇಲ್ಲಿ ಜೀವನ ಹೇಗೆ" ಅಂತ ಕೇಳಿದ್ದೀಯ. ಕೊನೇದಕ್ಕೆ ಮೊದಲು ಹೇಳಿಬಿಡ್ತೀನಿ: ಅಭ್ಯಾಸ ಆಗುತ್ತೆ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತೆ, ಆ ಹೊತ್ತಿಗೆ ಮನೆಗೆ ಫೋನ್ ಮಾಡಬೇಡ, ಗಂಟಲು ಕಟ್ಟಿದ್ದು ಅಮ್ಮಂದಿರಿಗೆ ಗೊತ್ತಾಗಿಬಿಡುತ್ತೆ. ಉಳಿದದ್ದನ್ನ ನೀನೇ ಕಲೀತೀಯ.

ನಾನು ಬಂದಿಳಿದದ್ದು ಒಂದು ಜನವರಿಯಲ್ಲಿ. ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಪುಸ್ತಕ ಜಾಸ್ತಿ ಇತ್ತು. ಥರ್ಡ್ ಇಯರ್, ಫೈನಲ್ ಇಯರ್ ಪುಸ್ತಕಗಳು, ಅಂಚಿನಲ್ಲಿ ವೈವಾಗೆ ಬರ್ಕೊಂಡ ನೋಟ್ಸ್ ಸಮೇತ. ಅನಾಟಮಿ, ಪೆಥಾಲಜಿ, ಓರಲ್ ಮೆಡಿಸಿನ್‌ಗೆ ಅವು ಇವತ್ತಿಗೂ ಸಾಕು, ನಮ್ಮ ಕಾಲೇಜುಗಳು ಅದನ್ನ ಚೆನ್ನಾಗೇ ಕಲಿಸಿವೆ, ಅದರಲ್ಲಿ ತಲೆ ತಗ್ಗಿಸೋ ಅಗತ್ಯ ಇಲ್ಲ. ಆದರೆ ಪರೀಕ್ಷೆ ಕೇಳೋದು "ಇಲ್ಲಿ, ಈ ದೇಶದಲ್ಲಿ, ಈ ರೋಗಿಗೆ ಏನು ಮಾಡ್ತೀಯ" ಅಂತ. ಅದಕ್ಕೆ ಉತ್ತರ ನಮ್ಮ ಪುಸ್ತಕದಲ್ಲಿ ಇಲ್ಲ.

ಕಾಗದಪತ್ರದ ವಿಷಯ ಬೇಗ ಮುಗಿಸ್ತೀನಿ. ಇಲ್ಲಿ ಡೆಂಟಿಸ್ಟ್‌ಗಳನ್ನ ರಿಜಿಸ್ಟರ್ ಮಾಡೋ ಜನರಲ್ ಡೆಂಟಲ್ ಕೌನ್ಸಿಲ್, ಅಂದರೆ ಜಿಡಿಸಿ, ಡಿಗ್ರಿ ಮತ್ತು ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟಿನ ಜೊತೆಗೆ ರೋಗಿಗಳಿಗೆ ನೀನೇ ಕೈಯಾರೆ ಚಿಕಿತ್ಸೆ ಕೊಟ್ಟ 1,600 ಗಂಟೆಗಳ ಅನುಭವಕ್ಕೆ ದಾಖಲೆ ಕೇಳುತ್ತೆ. ಕಾಲೇಜಿನ ಕ್ಲಿನಿಕಲ್ ಪೋಸ್ಟಿಂಗ್, ಇಂಟರ್ನ್‌ಶಿಪ್, ಆಮೇಲಿನ ಕೆಲಸ ಎಲ್ಲಾ ಸೇರಿಸಬಹುದು. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಅಕಾಡೆಮಿಕ್‌ನಲ್ಲಿ ಒಟ್ಟು 7, ಯಾವ ಭಾಗದಲ್ಲೂ 6.5ಕ್ಕಿಂತ ಕೆಳಗೆ ಇರಬಾರದು. ನಮ್ಮವರು ಸಿಕ್ಕಿಹಾಕಿಕೊಳ್ಳೋದು ಹೆಸರಿನಲ್ಲಿ. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಹಿಂದೆ ಬರೀ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಸರ್‌ನೇಮ್ ಜಾಗದಲ್ಲಿ, ಮದುವೆಯಾದ ಮೇಲೆ ಇನ್ನೊಂದು. ನಮ್ಮ ಆಫೀಸುಗಳಲ್ಲಿ ಇದನ್ನ ಯಾರೂ ಲೆಕ್ಕಕ್ಕೆ ಇಡಲ್ಲ. ಇಲ್ಲಿ ಮೂರು ಹೆಸರು ಅಂದರೆ ಮೂರು ಜನ. ಅಫಿಡವಿಟ್ ಈಗಲೇ ಮಾಡಿಸಿ ತರಿಸ್ಕೋ.

ಪಾರ್ಟ್ ಒನ್ ಎರಡು ಪೇಪರ್, ಕಂಪ್ಯೂಟರ್ ಮುಂದೆ, ಒಂದೊಂದು ಮೂರು ಗಂಟೆ. ಎ ಪೇಪರಿನಲ್ಲಿ ಕ್ಲಿನಿಕ್‌ಗೆ ಬೇಕಾದ ಬೇಸಿಕ್ ಸೈನ್ಸ್ ಮತ್ತು ಮೆಡಿಸಿನ್, ಬಿ ಪೇಪರಿನಲ್ಲಿ ಕ್ಲಿನಿಕಲ್ ಡೆಂಟಿಸ್ಟ್ರಿ, ಕಾನೂನು, ಎಥಿಕ್ಸ್, ಹೆಲ್ತ್ ಆ್ಯಂಡ್ ಸೇಫ್ಟಿ. ದಿನಾ ಕೂತು ಓದಿದರೆ ಆರೇಳು ತಿಂಗಳು ಸಾಕು, ಮಗು ಇದ್ದರೆ ವರ್ಷ ಇಟ್ಟುಕೋ. ಇದಕ್ಕೆ ಕೋಚಿಂಗ್ ಬೇಡ. ಚಿಕಿತ್ಸೆ ಹೇಗಿರಬೇಕು ಅಂತ ಹೇಳೋ ಸಂಸ್ಥೆಗಳಿವೆ: ಸ್ಕಾಟ್ಲೆಂಡಿನ ಎಸ್‌ಡಿಸಿಇಪಿ, ಇಂಗ್ಲೆಂಡಿನ ನೈಸ್, ಬ್ರಿಟಿಷ್ ಸೊಸೈಟಿ ಆಫ್ ಪೀರಿಯೊಡಾಂಟಾಲಜಿ, ಇವರ ಗೈಡ್‌ಲೈನ್‌ಗಳೆಲ್ಲ ಪುಕ್ಕಟೆ ಸಿಗುತ್ತವೆ. ಓದುವಾಗ ನಮ್ಮಲ್ಲಿಗೂ ಇಲ್ಲಿಗೂ ಎಲ್ಲಿ ಬೇರೆ ಅನ್ನೋದನ್ನ ಮಾತ್ರ ಒಂದು ನೋಟ್‌ಬುಕ್ಕಿಗೆ ಇಳಿಸ್ತಾ ಹೋಗು. ಆರು ತಿಂಗಳಿಗೊಮ್ಮೆ ಬನ್ನಿ ಅಂತ ಎಲ್ಲರಿಗೂ ಹೇಳೋ ಹಾಗಿಲ್ಲ. ರಿಸ್ಕ್ ನೋಡಿ ದೊಡ್ಡವರಿಗೆ 3 ತಿಂಗಳಿಂದ 24 ತಿಂಗಳವರೆಗೆ, ಮಕ್ಕಳಿಗೆ ಹೆಚ್ಚೆಂದರೆ 12 ತಿಂಗಳು. ಪೇಸ್ಟ್ ಉಗುಳಿದ ಮೇಲೆ ಬಾಯಿ ಮುಕ್ಕಳಿಸಬೇಡಿ ಅನ್ನಬೇಕು. ಹಾಲುಹಲ್ಲಿನ ಹುಳುಕನ್ನ ಕೊರೆಯದೆ, ಇಂಜೆಕ್ಷನ್ನೂ ಕೊಡದೆ ಮೇಲೊಂದು ಮೆಟಲ್ ಕ್ರೌನ್ ಒತ್ತಿ ಕೂರಿಸೋ ಹಾಲ್ ಟೆಕ್ನಿಕ್ ಇಲ್ಲಿ ದಿನನಿತ್ಯದ ಮಾತು. ನಾರ್ನಾ ಹಾಲ್ ಅನ್ನೋ ಸ್ಕಾಟ್ಲೆಂಡಿನ ಡೆಂಟಿಸ್ಟ್ ತಮ್ಮ ಕ್ಲಿನಿಕ್‌ನಲ್ಲಿ ಮಾಡ್ತಿದ್ದದ್ದು ಅದು. ಮೊದಲ ಸಲ ಓದಿದಾಗ ಮಕ್ಕಳ ಹಲ್ಲಿನ ವಿಭಾಗದ ನಮ್ಮ ಪೀಡೋ ಮೇಡಂ ಇದನ್ನ ನೋಡಿದ್ದರೆ ಏನನ್ನುತ್ತಿದ್ದರೋ ಅಂತ ನಕ್ಕಿದ್ದೆ.

ಹಲ್ಲಿನ ನಂಬರ್ ಕೂಡ ಬೇರೆ. 16, 36 ಅಂತ ನಾವು ನಿದ್ದೆಯಲ್ಲೂ ಹೇಳ್ತೀವಿ, ಇಲ್ಲಿ ಅಪ್ಪರ್ ರೈಟ್ ಸಿಕ್ಸ್, ಲೋವರ್ ಲೆಫ್ಟ್ ಸಿಕ್ಸ್, ಪಾಮರ್ ನೊಟೇಷನ್. ಸಣ್ಣ ವಿಷಯ ಅನ್ನಿಸುತ್ತೆ. ತಪ್ಪು ಹಲ್ಲು ಕೀಳೋದು ಇಲ್ಲಿ ಸಣ್ಣ ವಿಷಯ ಅಲ್ಲ.

"ಹೋದ ಸಲ ಏನು ಬಂದಿತ್ತು" ಅಂತ ನನ್ನನ್ನ ಕೇಳಬೇಡ. ಹೇಳೋ ಹಾಗಿಲ್ಲ ಅಂತ ಒಪ್ಪಿಕೊಂಡೇ ಎಲ್ಲರೂ ಒಳಗೆ ಹೋಗೋದು. ಹಳೇ ಪ್ರಶ್ನೆಗಳ ಪಿಡಿಎಫ್ ಮಾರೋರು ಸಿಗ್ತಾರೆ, ದೂರ ಇರು. ರಿಜಿಸ್ಟರ್‌ಗೆ ಸೇರೋ ಮುಂಚೆಯೇ ಪ್ರಾಮಾಣಿಕತೆ ಮೇಲೆ ಪ್ರಶ್ನೆ ಎದ್ದರೆ ಆ ಕಲೆ ಹೋಗಲ್ಲ.

ಇನ್ನು ನೀನು ಕೇಳದೇ ಬಿಟ್ಟ ವಿಷಯಕ್ಕೆ ಬರ್ತೀನಿ. ಪಾರ್ಟ್ ಒನ್ ಮೊದಲ ಸಲ ಬರೆದಾಗಿನಿಂದ ಐದು ವರ್ಷದೊಳಗೆ ಪಾರ್ಟ್ ಟೂ ಪಾಸಾಗಬೇಕು. ಒಂದೊಂದಕ್ಕೆ ನಾಲ್ಕೇ ಅವಕಾಶ. ಕೇಳಿದರೆ ಬೇಕಾದಷ್ಟು ಸಮಯ ಇದೆ ಅನ್ನಿಸುತ್ತೆ. ಆದರೆ ಪಾರ್ಟ್ ಟೂ ಸೀಟು ಕಮ್ಮಿ, ಕಾಯೋರು ಜಾಸ್ತಿ, ಬುಕಿಂಗ್ ತೆರೆದ ದಿನ ಲ್ಯಾಪ್‌ಟಾಪ್ ಮುಂದೆ ಕೂತವರಲ್ಲಿ ಬಹಳ ಜನ ಬರಿಗೈಯಲ್ಲಿ ಏಳ್ತಾರೆ. ನಾನು ಪಾರ್ಟ್ ಒನ್ ಮುಗಿಸಿ ಸೀಟಿಗೆ ಕಾಯ್ತಿದ್ದಾಗಲೇ ಕೋವಿಡ್ ಬಂತು. 2020ರಲ್ಲಿ ನಿಂತ ಪರೀಕ್ಷೆ ಮತ್ತೆ ಶುರುವಾಗಿದ್ದು 2022ರಲ್ಲಿ. ಗಡುವಿನ ಲೆಕ್ಕ ಮಾತ್ರ ಓಡ್ತಾನೇ ಇತ್ತು, ಹಾಗೆ ಸಮಯ ಕಳ್ಕೊಂಡವರಿಗೆ ಆಮೇಲೆ ಕಾನೂನು ಬದಲಿಸಿ ಹೆಚ್ಚು ಕಾಲ ಕೊಟ್ಟರು. ಕಾಲ ಕೊಟ್ಟರು, ಸರಿ. ಆದರೆ ಅಷ್ಟು ದಿನ ಹಲ್ಲು ಕೊರೆಯೋ ಹ್ಯಾಂಡ್‌ಪೀಸ್ ಮುಟ್ಟದೆ ಇದ್ದ ಕೈಗೆ ಏನಾಗುತ್ತೆ ಅಂತ ನಿನಗೆ ಹೇಳಬೇಕಾ? ಓದು ಮರೆತರೆ ಮತ್ತೆ ಪುಸ್ತಕ ತೆರೀಬಹುದು. ಕೈ ಮರೆತರೆ ತೆರೆಯೋಕೆ ಪುಸ್ತಕ ಇಲ್ಲ. ಇಪ್ಪತ್ತೆಂಟು ಮೂವತ್ತರ ವಯಸ್ಸು ಒಬ್ಬ ಡೆಂಟಿಸ್ಟಿನ ಕೈ ಪಳಗೋ ಕಾಲ, ನನ್ನ ಆ ಕಾಲ ಡೆಂಟಲ್ ನರ್ಸ್ ಆಗಿ ಬಾಯಿಂದ ನೀರು ಎಳೆಯೋ ಸಕ್ಷನ್ ಹಿಡಿಯೋದರಲ್ಲಿ ಹೋಯಿತು. ಈಗ ಕ್ಲಿನಿಕ್ ಇದೆ, ರೋಗಿಗಳು ಇದ್ದಾರೆ, ಮೊದಲ ಸಾಲದ ಕಂತೂ ಮುಗಿದಿದೆ. ಆದರೂ ನನ್ನ ಬ್ಯಾಚಿನವರು ಊರಲ್ಲಿ ಇಡೀ ಬಾಯಿಯ ಹಲ್ಲು ಸರಿಮಾಡೋ ಫುಲ್ ಮೌತ್ ಕೇಸ್ ಮಾಡಿ ಫೋಟೋ ಕಳಿಸಿದಾಗ ಹೊಟ್ಟೆಯೊಳಗೆ ಏನೋ ಕಿವುಚುತ್ತೆ. ಅದು ಹೋಗಿಲ್ಲ.

ಆದ್ದರಿಂದ ನನ್ನ ಮಾತು ಕೇಳೋದಾದರೆ, ಪಾರ್ಟ್ ಟೂಗೆ ದುಡ್ಡು ಮತ್ತು ಮನೆಯ ಏರ್ಪಾಡು ಎರಡೂ ಕಣ್ಣಿಗೆ ಕಾಣೋವರೆಗೆ ಪಾರ್ಟ್ ಒನ್ ಬರೀಬೇಡ. ಒನ್‌ಗೆ ನೂರುಗಳಲ್ಲಿ ಹೋದರೆ ಟೂಗೆ ಸಾವಿರಗಳಲ್ಲಿ ಹೋಗುತ್ತೆ, ಪೌಂಡಿನಲ್ಲಿ. ಫೀ ಆಗಾಗ ಬದಲಾಗುತ್ತೆ, ಜಿಡಿಸಿ ಸೈಟಿನಲ್ಲೇ ನೋಡ್ಕೋ. ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ನಡೆಸೋ ಎಲ್‌ಡಿಎಸ್ ಪರೀಕ್ಷೆ ಇನ್ನೊಂದು ದಾರಿ, ಅದನ್ನೂ ಪಾಸಾದರೆ ರಿಜಿಸ್ಟ್ರೇಷನ್ ಸಿಗುತ್ತೆ. ಎಂಎಫ್‌ಡಿಎಸ್ ಬೇರೆ, ಅದು ರಿಜಿಸ್ಟ್ರೇಷನ್ ಕೊಡದ ಬರೀ ಡಿಪ್ಲೊಮಾ. ಅದು ಪಾಸಾಗಿ "ಆಯ್ತಲ್ಲ" ಅಂದುಕೊಂಡವರನ್ನ ನೋಡಿದ್ದೀನಿ. ಮೊದಲೆಲ್ಲ ನಮ್ಮವರು ಹಲ್ಲು ಕ್ಲೀನ್ ಮಾಡೋ ಹೈಜೀನಿಸ್ಟ್, ಸಣ್ಣಪುಟ್ಟ ಚಿಕಿತ್ಸೆ ಮಾಡೋ ಥೆರಪಿಸ್ಟ್ ಅಂತ ರಿಜಿಸ್ಟರ್ ಆಗಿ ಕೈಯನ್ನಾದರೂ ಉಳಿಸಿಕೊಳ್ತಿದ್ದರು, 2023ರಲ್ಲಿ ಆ ಬಾಗಿಲೂ ಮುಚ್ಚಿತು. ಉಳಿದದ್ದು ಟ್ರೇನಿ ಡೆಂಟಲ್ ನರ್ಸ್ ಕೆಲಸ.

ಹೋಗು. ಅವಮಾನ ಅಂತ ಕೇಳಿದ್ದೀಯಲ್ಲ, ಸುಳ್ಳು ಯಾಕೆ ಹೇಳಲಿ, ಮೊದಲ ತಿಂಗಳು ಹಾಗೇ ಅನ್ನಿಸುತ್ತೆ. ನಿನಗಿಂತ ಚಿಕ್ಕವರು "ಆ ಟ್ರೇ ತೊಳೆದಿಡು" ಅಂತಾರೆ. ಡೆಂಟಿಸ್ಟ್ ಡ್ರಿಲ್ಲಿನ ಬರ್ ನೆಟ್ಟಗೆ ಹಿಡಿದಿಲ್ಲ ಅಂತ ಕಾಣ್ತಿರುತ್ತೆ, ನೀನು ಬಾಯಿ ಮುಚ್ಚಿಕೊಂಡು ನೀರು ಎಳೀತಾ ನಿಂತಿರಬೇಕು. ಆದರೆ ಡೆಂಟಿಸ್ಟ್ ಪಕ್ಕದ ಆ ಸ್ಟೂಲ್ ಮೇಲೆ ಕಲಿತದ್ದನ್ನ ಯಾವ ಕೋರ್ಸೂ ನನಗೆ ಕೊಡಲಿಲ್ಲ. ಹೆಪಟೈಟಿಸ್ ಬಿ ವ್ಯಾಕ್ಸಿನ್, ಅಪರಾಧದ ದಾಖಲೆ ಇದೆಯಾ ಅಂತ ನೋಡೋ ಡಿಬಿಎಸ್ ಚೆಕ್, ಟ್ರೇನಿಂಗ್ ಕೋರ್ಸಿಗೆ ಹೆಸರು, ಇವಿಷ್ಟು ಮಾಡಿಸಿ ಸೇರ್ಕೋ.

ಒಂದು ಮಧ್ಯಾಹ್ನದ್ದು ಹೇಳ್ತೀನಿ. ಇಪ್ಪತ್ತು ಚಿಲ್ಲರೆ ವಯಸ್ಸಿನ ಹುಡುಗ, ಕೆಳಗಿನ ವಿಸ್ಡಮ್ ಟೂತ್ ಮೇಲಿನ ಒಸಡು ಊದಿದೆ, ಮೊದಲ ಸಲ. "ಇವತ್ತೇ ಕಿತ್ತುಬಿಡಿ" ಅಂತ ಹಟ. ನಮ್ಮ ಒಪಿಡಿಯಲ್ಲಾಗಿದ್ದರೆ ಎಕ್ಸ್‌ರೇ, ಇಂಜೆಕ್ಷನ್, "ಏನೂ ಆಗಲ್ಲ, ಸುಮ್ನೆ ಬಾಯಿ ತೆಗೀರಿ", ಹಲ್ಲು ಮೀಟೋ ಎಲಿವೇಟರ್ ಕೈಗೆ ಬಂದಾಗಿರುತ್ತಿತ್ತು, ಹೊರಗಡೆ ಕ್ಯೂ ಬೇರೆ. ನಾನು ನರ್ಸ್ ಆಗಿದ್ದ ಕ್ಲಿನಿಕ್ಕಿನ ಡೆಂಟಿಸ್ಟ್ ಏನು ಮಾಡಿದರು ಗೊತ್ತಾ, ಮೊದಲು ಕುರ್ಚಿ ನೆಟ್ಟಗೆ ಮಾಡಿದರು. ಮಾಸ್ಕ್ ಕೆಳಗಿಳಿಸಿ ಎದುರಿಗೆ ಬಂದು ಕೂತರು. "ನೀವು ಏನು ಮಾಡ್ಕೊಂಡಿದ್ದೀರಿ" ಅಂತ ಕೇಳಿದರು. ಮ್ಯೂಸಿಕ್ ಓದ್ತಿದ್ದೀನಿ, ಕ್ಲಾರಿನೆಟ್ ನುಡಿಸ್ತೀನಿ ಅಂದ. ಅಲ್ಲಿಂದ ಮಾತಿನ ದಿಕ್ಕೇ ಬೇರೆಯಾಯಿತು. ಈ ಹಲ್ಲು ತೆಗೆಯುವಾಗ ಹತ್ತಿರದ ನರಕ್ಕೆ ಪೆಟ್ಟಾದರೆ ಕೆಳತುಟಿ, ಗದ್ದ ಮರಗಟ್ಟಬಹುದು, ನಾಲಿಗೆಯೂ ಮರಗಟ್ಟಬಹುದು, ಹೆಚ್ಚಿನವರಿಗೆ ಸರಿಹೋಗುತ್ತೆ, ಅಪರೂಪಕ್ಕೆ ಹಾಗೇ ಉಳಿಯುತ್ತೆ, ತುಟಿಯಿಂದಲೇ ಕೆಲಸ ಮಾಡೋ ನಿಮಗೆ ಅದು ಏನು ಅಂತ ನೀವೇ ಯೋಚಿಸಿ ಅಂದರು. ಆಮೇಲೆ ಒಸಡಿನ ಕೆಳಗೆ ತೊಳೆದು, ಹೇಗೆ ಸ್ವಚ್ಛ ಇಟ್ಟುಕೊಳ್ಳಬೇಕು ಅಂತ ಕನ್ನಡಿ ಹಿಡಿದು ತೋರಿಸಿ, ಮತ್ತೆ ಹೀಗಾದರೆ ಆಗ ತೆಗೆಯೋ ಮಾತಾಡೋಣ ಅಂತ ಕಳಿಸಿದರು. ಆ್ಯಂಟಿಬಯೊಟಿಕ್ ಒಂದೂ ಇಲ್ಲ, ಜ್ವರ ಇರಲಿಲ್ಲ, ಊತ ಹರಡಿರಲಿಲ್ಲ. ಅವನು ಹೋದ ಮೇಲೆ ಅವರು ನೋಟ್ಸ್ ಬರೀತಾ ಕೂತ ಹೊತ್ತಿನಲ್ಲಿ ನಾನು ಆ ರೂಮನ್ನೇ ಪೂರ್ತಿ ಒರೆಸಿ ಮುಗಿಸಿದ್ದೆ.

ಆ ದಿನ ರಾತ್ರಿ ಹುಡುಕಿ ಓದಿದೆ. ನೈಸ್ 2000ದಲ್ಲೇ ಹೇಳಿದೆ: ತೊಂದರೆ ಕೊಡದ ವಿಸ್ಡಮ್ ಟೂತ್ ಮುಂಜಾಗ್ರತೆ ಅಂತ ಕೀಳಬೇಡಿ, ಒಸಡಿನ ಊತ ಮೊದಲ ಸಲ ಬಂದಿದ್ದರೆ, ತೀರಾ ಜೋರಾಗಿಲ್ಲದಿದ್ದರೆ, ಅದೊಂದೇ ಕಾರಣಕ್ಕೆ ಕೀಳಬೇಡಿ, ಎರಡನೇ ಸಲ ಬಂದರೆ ಯೋಚಿಸಿ. ಕ್ಲಾರಿನೆಟ್ ವಿಷಯಕ್ಕೆ ಇನ್ನೊಂದು ಬೇರು ಇದೆ. 2015ರಲ್ಲಿ ಮಾಂಟ್‌ಗಮರಿ ಅನ್ನೋ ಕೇಸಿನಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು, ಎದುರಿಗೆ ಕೂತ ರೋಗಿಯ ಜಾಗದಲ್ಲಿರೋರಿಗೆ ಯಾವ ಅಪಾಯ ಮುಖ್ಯ ಅನ್ನಿಸಬಹುದೋ ಅದನ್ನ ಹೇಳಲೇಬೇಕು ಅಂತ. ಅವನು ಏನು ಕೆಲಸ ಮಾಡ್ತಾನೆ ಅಂತ ಕೇಳದೆ ಅದನ್ನ ಹೇಗೆ ಹೇಳ್ತೀಯ? ಹೀಗೆ ದಿನಕ್ಕೆ ಒಂದು, ಎರಡು. ಪಾರ್ಟ್ ಟೂನಲ್ಲಿ ರೋಗಿಯ ಜೊತೆ ಹೇಗೆ ನಡ್ಕೊಳ್ತೀಯ ಅಂತ ನೋಡೋ ಓಎಸ್‌ಸಿಇ ಪರೀಕ್ಷೆಯಲ್ಲಿ ರೋಗಿಯ ಪಾತ್ರದಲ್ಲಿ ಕೂತವರು ನಟರು. ಅವರ ಎದುರು ನನ್ನ ಬಾಯಿಂದ ಬಂದ ವಾಕ್ಯಗಳೆಲ್ಲ ಆ ಸ್ಟೂಲ್ ಮೇಲೆ ಕೇಳಿಸಿಕೊಂಡವು.

ನಿನಗೆ ಕಷ್ಟ ಆಗೋದು ಇಲ್ಲೇ, ಈಗಲೇ ಹೇಳ್ತೀನಿ. ನಮ್ಮಲ್ಲಿ ರೋಗಿ "ನಿಮಗೆ ಗೊತ್ತಲ್ಲ ಡಾಕ್ಟ್ರೇ, ನೀವೇ ನೋಡಿ ಮಾಡಿ" ಅಂತಾರೆ. ನಾವು ಮಾಡ್ತೀವಿ. ಬೇಗ ಮಾಡಿದವರು, ಹಿಡಿದ ಕೆಲಸ ಮುಗಿಸಿದವರು ಒಳ್ಳೇ ಡಾಕ್ಟರ್. ಇಲ್ಲಿ ನಿಲ್ಲಿಸಿದ್ದಕ್ಕೆ, ಕೇಳಿದ್ದಕ್ಕೆ, ಮಾಡದೇ ಬಿಟ್ಟದ್ದಕ್ಕೆ ಅಂಕ ಇದೆ. ಅಳ್ತಾ ಕೂತವರಿಗೆ "ಏನೂ ಆಗಲ್ಲ" ಅಂದರೆ ಅದು ಸುಳ್ಳು ಭರವಸೆ. "ನಿಮಗೆ ಯಾವುದರ ಭಯ ಅಂತ ಹೇಳ್ತೀರಾ" ಅಂತ ಕೇಳಿ ಸುಮ್ಮನೆ ಕಾಯಬೇಕು. ಕಾಯೋದು ಬಹಳ ಕಷ್ಟ, ನಾಲಿಗೆ ತುದಿಯಲ್ಲಿ ಸಮಾಧಾನ ಕುಣೀತಿರುತ್ತೆ. ಇವರ ರೀತಿಯೇ ಸರಿ ಅಂತ ನಾನು ಪೂರ್ತಿ ಒಪ್ಪಿದ್ದೀನಾ? ಹೆಚ್ಚು ಕಡಿಮೆ. ಆದರೆ "ನೀವೇ ನೋಡಿ ಮಾಡಿ" ಅನ್ನೋ ಆ ನಂಬಿಕೆಯ ಮಾತು ಇಲ್ಲಿ ಯಾರ ಬಾಯಲ್ಲೂ ಕೇಳಿಲ್ಲ, ಅದು ಬೇಕು ಅನ್ನಿಸೋ ದಿನಗಳು ಇವೆ.

ಪಾರ್ಟ್ ಟೂನಲ್ಲಿ ಗೊಂಬೆ ತಲೆಯ ಹಲ್ಲಿನ ಮೇಲೆ ಕೆಲಸ ಮಾಡಿ ತೋರಿಸೋ ಮ್ಯಾನಿಕಿನ್ ಪರೀಕ್ಷೆಯೂ ಇದೇ ಜಾತಿ. ನಮ್ಮ ಸೆಕೆಂಡ್ ಇಯರ್ ಫ್ಯಾಂಟಮ್ ಹೆಡ್ ನೆನಪಿದೆಯಲ್ಲ, ಅದೇ, ಆದರೆ ಮೂರು ಗಂಟೆ, ಕೊಟ್ಟ ಕೆಲಸಗಳು ಹಲವು. ಪ್ಲಾಸ್ಟಿಕ್ ಹಲ್ಲಿನಲ್ಲಿ ಎನಾಮಲ್ ಮುಗಿದು ಡೆಂಟಿನ್ ಶುರುವಾಗೋದು ಕೈಗೆ ಗೊತ್ತಾಗಲ್ಲ, ಏರೋಟರ್ ಒತ್ತಿದರೆ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿದುಬಿಡುತ್ತೆ. ನಿಜವಾದ ಹಲ್ಲಿನ ಮೇಲೆ ಪಳಗಿದ ಕೈಗಳೇ ಇಲ್ಲಿ ಜಾಸ್ತಿ ಕೊರೆಯೋದು. ಎರಡು ಹಲ್ಲಿನ ನಡುವಿನ ಹುಳುಕಿಗೆ ಕೊರೆಯೋ ಕ್ಲಾಸ್ ಟೂ ಮಾಡುವಾಗ ಪಕ್ಕದ ಹಲ್ಲಿಗೆ ಬರ್ ತಾಗಿದರೆ ಒಳಗಿನ ಕ್ಯಾವಿಟಿ ಎಷ್ಟು ಚೆನ್ನಾಗಿದ್ದರೂ ಪ್ರಯೋಜನ ಇಲ್ಲ, ಪಕ್ಕದ ಹಲ್ಲಿಗೆ ಮೆಟಲ್ ಮ್ಯಾಟ್ರಿಕ್ಸ್ ಅಡ್ಡ ಇಟ್ಟುಕೊಳ್ಳೋ ಅಭ್ಯಾಸ ಮಾಡ್ಕೋ. ಕ್ರೌನ್ ಪ್ರಿಪರೇಷನ್‌ಗೆ ಮೊದಲೇ ಪುಟ್ಟಿ ಇಂಡೆಕ್ಸ್, ಅಂದರೆ ಕೊರೆಯೋ ಮುಂಚಿನ ಹಲ್ಲಿನ ಅಚ್ಚು, ಮಾಡಿಟ್ಟು, ಎಷ್ಟು ತೆಗೆದೆ ಅಂತ ಮಧ್ಯೆ ಮಧ್ಯೆ ಕೂರಿಸಿ ನೋಡು. ತಲೆಯನ್ನ ನಿಜವಾದ ರೋಗಿಯ ಹಾಗೇ ಹಿಡಿ, ಕುತ್ತಿಗೆ ಹಿಂದಕ್ಕೆ ತಿರುಚಿ ಅನುಕೂಲ ಮಾಡ್ಕೊಂಡರೆ ನೋಡ್ತಾ ನಿಂತವರು ಬರ್ಕೊಳ್ತಾರೆ. ಕೋಚಿಂಗ್ ಅಂತ ಕೇಳಿದ್ದೆಯಲ್ಲ, ದುಡ್ಡು ಹಾಕೋದಾದರೆ ಇದಕ್ಕೆ ಹಾಕು, ಅದೂ ಪರೀಕ್ಷೆ ಹತ್ತಿರ ಬಂದಾಗ. ಅಲ್ಲಿವರೆಗೆ ಸೆಕೆಂಡ್‌ಹ್ಯಾಂಡ್ ಮೈಕ್ರೋಮೋಟರ್, ಪ್ಲಾಸ್ಟಿಕ್ ಹಲ್ಲು ಕೂರಿಸೋ ದವಡೆಯ ಮಾದರಿ ಒಂದು ಟೈಪೊಡಾಂಟ್, ಗ್ಯಾರೇಜಿನಲ್ಲಿ ಒಂದು ಮೇಜು. ವಾರಕ್ಕೆ ಎರಡು ಸಲ ಆದರೂ ಕೈ ಆಡಿಸ್ತಿರು, ಮಾಸ್ಕ್, ಕನ್ನಡಕ ಹಾಕ್ಕೊಂಡೇ. ಪಾರ್ಟ್ ಟೂನ ಉಳಿದ ಎರಡು ಭಾಗಗಳಲ್ಲಿ ಡಯಾಗ್ನೋಸಿಸ್ ಮತ್ತು ಟ್ರೀಟ್‌ಮೆಂಟ್ ಪ್ಲ್ಯಾನಿಂಗ್‌ಗೆ ಕೇಸ್ ಶೀಟ್ ಬರೆದ ಕೈ ಸಾಕು. ಮೆಡಿಕಲ್ ಎಮರ್ಜೆನ್ಸಿ ಬಾಯಿಪಾಠ ಆಗಿರಲಿ: ಜೀವಕ್ಕೇ ಕುತ್ತಾಗೋ ಅಲರ್ಜಿ, ಅನಾಫಿಲ್ಯಾಕ್ಸಿಸ್‌ಗೆ ದೊಡ್ಡವರಿಗೆ ಅಡ್ರಿನಲಿನ್ 500 ಮೈಕ್ರೋಗ್ರಾಂ ಮಾಂಸಖಂಡಕ್ಕೆ, ಎದೆನೋವಿಗೆ ಆ್ಯಸ್ಪಿರಿನ್ 300 ಮಿಲಿಗ್ರಾಂ, ಸಿಪಿಆರ್‌ನಲ್ಲಿ ಎದೆ 30 ಸಲ ಒತ್ತಿದ್ದಕ್ಕೆ 2 ಉಸಿರು. ಅಡುಗೆ ಮಾಡ್ತಾ ಜೋರಾಗಿ ಹೇಳ್ಕೋ, ಗಂಡನಿಗೂ ಬಂದುಬಿಡುತ್ತೆ.

ಒಂದು ಎಚ್ಚರಿಕೆ. ರಿಜಿಸ್ಟರ್ ಆಗೋವರೆಗೆ ನೀನು ಇಲ್ಲಿ ಡೆಂಟಿಸ್ಟ್ ಅಲ್ಲ. 1984ರ ಡೆಂಟಿಸ್ಟ್ಸ್ ಆ್ಯಕ್ಟ್ ಪ್ರಕಾರ ಚಿಕಿತ್ಸೆ ಮಾತ್ರ ಅಲ್ಲ, ಡೆಂಟಿಸ್ಟ್ ಕೊಡೋಂಥ ಸಲಹೆ ಕೊಡೋದೂ ಪ್ರಾಕ್ಟೀಸೇ. ಕನ್ನಡದವರು ನಾಲ್ಕು ಜನ ಸೇರಿದ ಕಡೆ ಹೋದರೆ ಐದನೆಯವರು ಬಾಯಿ ತೆಗೆದು ತೋರಿಸ್ತಾರೆ, ಗೊತ್ತಲ್ಲ ನಮ್ಮವರು. ನಾನು ನರ್ಸ್ ಆಗಿದ್ದಾಗ ಹೀಗೇ ಒಬ್ಬರು ಹಿರಿಯರು, ಮಗನ ಮನೆಗೆ ಬಂದವರು, ಕೆನ್ನೆ ಊದಿಸಿಕೊಂಡು ಬಂದು "ನೀನು ಡಾಕ್ಟ್ರಲ್ವೇನಮ್ಮಾ, ಒಂದು ಮಾತ್ರೆ ಹೆಸರು ಹೇಳು" ಅಂದರು. ಇಲ್ಲಿನ ಸರಕಾರಿ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡಿಸಿ ಅಂಕಲ್, ಅಂದೆ. ಅವರ ಮಗನ ಕೈಗೆ ಫೋನ್ ಕೊಟ್ಟು, ಲೈನ್ ಸಿಗೋವರೆಗೆ ಪಕ್ಕದಲ್ಲೇ ನಿಂತಿದ್ದೆ. ಮಾಡಬೇಕಾದ್ದೇ ಅದು, ಇವತ್ತಾದರೂ ಅದನ್ನೇ ಮಾಡ್ತೀನಿ. ಆದರೆ ಅವರು ನನ್ನ ಕಡೆ ನೋಡಿ, "ಓಹೋ, ಇನ್ನೂ ಪೂರ್ತಿ ಡಾಕ್ಟರ್ ಆಗಿಲ್ಲವಾ" ಅಂದರು, ಬೈದದ್ದೂ ಅಲ್ಲ, ಕನಿಕರದಿಂದ. ಅವರಿಗೆ ಉತ್ತರ ಕೊಡೋ ಹೊತ್ತಿಗೆ ಅವರು ಊರಿಗೆ ಹೊರಟುಹೋಗಿದ್ದರು.

ಪಾಸಾದ ಮೇಲಿನದ್ದು ಈಗ ಬೇಡ. ಎನ್‌ಎಚ್‌ಎಸ್, ಅಂದರೆ ಸರಕಾರಿ ಆರೋಗ್ಯ ಸೇವೆಯ ರೋಗಿಗಳನ್ನ ನೋಡೋಕೆ ಪರ್ಫಾರ್ಮರ್ಸ್ ಲಿಸ್ಟ್ ಅಂತ ಇನ್ನೊಂದು ಬಾಗಿಲಿದೆ, ಅಲ್ಲಿವರೆಗೆ ಪ್ರೈವೇಟ್‌ನಲ್ಲಿ ಕೆಲಸ ಮಾಡಬಹುದು, ತಪ್ಪಾದರೆ ಪರಿಹಾರ ಕೊಡೋಕೆ ಇರೋ ಇಂಡೆಮ್ನಿಟಿ ಕವರ್ ಇಲ್ಲದೆ ಒಂದು ದಿನವೂ ಕೂರಬೇಡ, ಇಷ್ಟು ತಿಳಿದಿರಲಿ.

ಮೊದಲು ಅಫಿಡವಿಟ್, ಗಂಟೆಗಳ ಲೆಟರ್, ಐಇಎಲ್‌ಟಿಎಸ್ ಮುಗಿಸು. ಕಾಲೇಜಿನವರು ಲೆಟರ್‌ಗೆ ತಿಂಗಳುಗಟ್ಟಲೆ ಓಡಾಡಿಸ್ತಾರೆ, ನಿಮ್ಮಪ್ಪನನ್ನ ಖುದ್ದಾಗಿ ಕಳಿಸಿದರೆ ಬೇಗ ಆಗುತ್ತೆ, ಅದನ್ನ ನಾನು ಹೇಳಬೇಕಾಗಿಲ್ಲ. ಟೈಪೊಡಾಂಟ್ ಹೊಸದು ಕೊಳ್ಳಬೇಡ, ನನ್ನದು ಮನೆಯಲ್ಲೇ ಇದೆ, ಹಲ್ಲುಗಳನ್ನ ಮಾತ್ರ ತಗೊಂಡರೆ ಸಾಕು. ಗುರುವಾರ ನನಗೆ ಕ್ಲಿನಿಕ್ ಇರಲ್ಲ, ಲೆಸ್ಟರ್‌ನಿಂದ ನಮ್ಮಲ್ಲಿಗೆ ನೇರ ಟ್ರೇನ್ ಇದೆ. ಹೊರಡೋ ಮುಂಚೆ ಒಂದು ಫೋನ್ ಮಾಡು.